ಬಸಿರಿಗೂ ಬಾಂಡ್ ಪೇಪರು

ಕನ್ನಡದಲ್ಲಿ 'ವಿಶೇಷ' ಅನ್ನುವ ಒಂದು ಮಾತಿದೆ. ಮದುವೆಯಾಗಿ ನಾಲ್ಕು ತಿಂಗಳಾದ ಹೆಣ್ಣನ್ನು ಕಂಡ ಕೂಡಲೆ ಕೇರಿಯ ಮುದುಕಿಯರು "ಏನವ್ವ, ಇಸೇಸ ಏನಾರ ಅದಾ?" ಅಂತ ಕೇಳುತ್ತಾರೆ. ಆ ಕೇಳುವಿಕೆಯಲ್ಲಿ ಒಂದಿಷ್ಟು ಅಕ್ಕರೆ ಇರುತ್ತದೆ, ಒಂದಿಷ್ಟು ಅಧಿಕಪ್ರಸಂಗವೂ ಇರುತ್ತದೆ. ಅದೇ ಮಾತನ್ನು ಈಗ ಇನ್ನೊಂದು ಜಾತಿಯ ಜನ ಕೇಳುತ್ತಿದ್ದಾರೆ. ತಣ್ಣನೆಯ ಗಾಳಿ ಬೀಸುವ ಕೋಣೆಯಲ್ಲಿ ಮೇಜಿನ ಆಚೆ ಕೂತು, ಸ್ಟಾಫ್ ನರ್ಸ್ ಕೆಲಸ ಕೇಳಿಕೊಂಡು ಬಂದ ಹುಡುಗಿಯ ಮಾರ್ಕ್ಸ್ ಕಾರ್ಡು ತಿರುವಿಹಾಕುತ್ತ, "ಮದುವೆ ಆಗಿದೆ ಅಲ್ವಾ? ವಿಶೇಷ ಏನಾದರೂ?" ಮುದುಕಿಗೆ 'ಹೂಂ' ಅಂದರೆ ಬಾಯಿಗೆ ಸಕ್ಕರೆ. ಇವರಿಗೆ 'ಹೂಂ' ಅಂದರೆ "ಆಯ್ತಮ್ಮ, ತಿಳಿಸ್ತೀವಿ". ತಿಳಿಸುವುದಿಲ್ಲ ಅನ್ನುವುದು ಕೇಳಿದವರಿಗೂ ಗೊತ್ತು, ಎದ್ದು ಬಂದವಳಿಗೂ ಗೊತ್ತು.

ನಾನು ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ನಿಂತವಳು. ಸರ್ಕಾರಿಯಲ್ಲೂ ನಿಂತಿದ್ದೇನೆ, ಖಾಸಗಿಯಲ್ಲೂ ನಿಂತಿದ್ದೇನೆ. ನರ್ಸುಗಳ ಬಗ್ಗೆ ಈ ನಾಡಿನ ದೊಡ್ಡ ಪತ್ರಿಕೆಗಳು ಬರೆಯುವುದು ವರ್ಷಕ್ಕೊಂದು ಸಲ, ಮೇ 12ರಂದು. ಆವತ್ತು ಕೈಗೆ ದೀಪ ಕೊಡುತ್ತಾರೆ, ಗುಲಾಬಿ ಕೊಡುತ್ತಾರೆ, ಕರುಣಾಮಯಿ ತ್ಯಾಗಮಯಿ ಅಂತ ಭಾಷಣ ಬಿಗಿಯುತ್ತಾರೆ. ಸಂಬಳ ಕೇಳಿದ ದಿನ ಆ ಕರುಣಾಮಯಿ ಕೂಲಿಯಾಳಾಗುತ್ತಾಳೆ. ಬಸುರಿಯಾದ ದಿನ ಮೋಸಗಾತಿಯಾಗುತ್ತಾಳೆ. ಈ ಎರಡನೆಯ ಬೈಗುಳದ ಬಗ್ಗೆಯೇ ನಾನು ಇಲ್ಲಿ ಜಗಳ ತೆಗೆಯಬೇಕಾಗಿದೆ.

ಚಾಮರಾಜನಗರ ಕಡೆಯ ಒಂದು ಕೇರಿಯ ಹುಡುಗಿ. ಹೆಸರು ಬೇಡ, ಇಂಥವರು ಊರಿಗೆ ಇಬ್ಬರಿದ್ದಾರೆ. ಅವ್ವ ಅರಿಸಿನದ ಹೊಲದಲ್ಲಿ ಕಳೆ ಕಿತ್ತು, ಸಂಘದಲ್ಲಿ ಸಾಲ ಎತ್ತಿ, ಸ್ಕಾಲರ್‌ಶಿಪ್ಪು ಬರುವ ತನಕ ಕಿವಿಯೋಲೆ ಅಡವಿಟ್ಟು ಜಿ.ಎನ್.ಎಂ. ಓದಿಸಿದಳು. ಓದು ಮುಗಿಸಿದವಳು ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಮೂರು ವರ್ಷ ದುಡಿದಳು. ಅಲ್ಲಿ ನರ್ಸೂ ಅವಳೆ, ಆಯಾನೂ ಅವಳೆ, ಬಿಲ್ಲು ಬರೆಯುವವಳೂ ಅವಳೆ. ಆಮೇಲೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆರ್ಡರು ಸಿಕ್ಕಿತು. ಒಂದನೇ ತಾರೀಕು ಹಾಜರಾಗಬೇಕು. ಅದಕ್ಕೆ ಹನ್ನೆರಡು ದಿನ ಮುಂಚೆ ಮೆಡಿಕಲ್ ಶಾಪಿನಿಂದ ಕಿಟ್ಟು ತಂದು ನೋಡಿಕೊಂಡರೆ ಎರಡು ಗೆರೆ. ದಿನಕ್ಕೆ ಹತ್ತು ಹೆಂಗಸರಿಗೆ ಅದೇ ಪರೀಕ್ಷೆ ಮಾಡಿ "ಸಿಹಿ ಕೊಡ್ಸಮ್ಮ" ಅಂದವಳು ತನ್ನ ಕೈಯಲ್ಲಿರುವ ಪಟ್ಟಿಯನ್ನು ಮೂರು ಸಲ ಬೆಳಕಿಗೆ ಹಿಡಿದು ನೋಡಿದಳಂತೆ. ರಾತ್ರಿ ಹತ್ತು ಗಂಟೆಗೆ ನನಗೆ ಫೋನು. ಮೊದಲನೆಯ ಮಾತೇ ಇದು: "ಅಕ್ಕಾ, ಹೇಳ್ಲಾ, ಬ್ಯಾಡ್ವಾ?"

ಬಸುರಿಯಾದ ಹೆಣ್ಣಿನ ಬಾಯಿಂದ ಮೊದಲು ಬಂದ ಮಾತು ಕೂಸಿನದಲ್ಲ, ಗಂಡನದಲ್ಲ, ವಾಂತಿಯದಲ್ಲ. ಧಣಿಗೆ ಹೇಳಬೇಕೋ ಬೇಡವೋ. ಇದನ್ನು ಓದುವ ಗೆಳೆಯರೆ, ಜೀತದಾಳು ಬೇರೆ ಹಟ್ಟಿಗೆ ಹೋಗುವ ಮೊದಲು ಒಡೆಯನ ಅಪ್ಪಣೆ ಕೇಳುತ್ತಿದ್ದನಲ್ಲ, ಅದಕ್ಕೂ ಇದಕ್ಕೂ ಎಷ್ಟು ದೂರ?

ನಾನು "ಹೇಳಬೇಡ" ಅಂದೆ. ಈಗಲೂ ಅದನ್ನೇ ಹೇಳುತ್ತೇನೆ. ಕೆಲಸಕ್ಕೆ ಸೇರು, ಹಾಜರಿ ಪುಸ್ತಕದಲ್ಲಿ ಸಹಿ ಬೀಳಲಿ, ಆಮೇಲೆ ಬರವಣಿಗೆಯಲ್ಲಿ ಹೇಳು. ಇದಕ್ಕೆ ಒಳ್ಳೆಯ ಜನ, ಓದಿದ ಜನ, ಅಷ್ಟೇ ಯಾಕೆ ನಮ್ಮ ಪ್ರಗತಿಪರರಲ್ಲಿ ಕೆಲವರೂ ಮೂಗು ಮುರಿಯುತ್ತಾರೆ. "ಅದು ಪ್ರಾಮಾಣಿಕತೆ ಅಲ್ಲವಲ್ಲ" ಅನ್ನುತ್ತಾರೆ. ಪ್ರಾಮಾಣಿಕತೆ! ಸ್ವಾಮಿ, ಆ ಮೇಜಿನ ಆಚೆ ಕೂತವರು ಎಷ್ಟು ಪ್ರಾಮಾಣಿಕವಾಗಿ ಮಾತಾಡಿದರು ಅನ್ನುವುದನ್ನೂ ಸ್ವಲ್ಪ ನೋಡೋಣ. ನೈಟ್ ಡ್ಯೂಟಿಯಲ್ಲಿ ಒಬ್ಬಳ ತಲೆಗೆ ಎಷ್ಟು ರೋಗಿಗಳು ಬೀಳುತ್ತಾರೆ ಅಂತ ಹೇಳಿದರೆ? ಹನ್ನೆರಡು ಗಂಟೆಯ ಡ್ಯೂಟಿ ಹದಿನಾಲ್ಕಾದರೆ ಆ ಎರಡು ಗಂಟೆಗೆ ಕಾಸಿಲ್ಲ ಅಂತ ಹೇಳಿದರೆ? ಹೋದ ವರ್ಷ ಸೇರಿದವರಲ್ಲಿ ಎಷ್ಟು ಹುಡುಗಿಯರು ಬಿಟ್ಟುಹೋದರು, ಯಾಕೆ ಹೋದರು, ಹೇಳಿದರೆ? ಅವರು ಮುಚ್ಚಿಟ್ಟರೆ ಅದು ಆಡಳಿತದ ಗುಟ್ಟು. ಇವಳು ತನ್ನ ಹೊಟ್ಟೆಯನ್ನು ಮುಚ್ಚಿಕೊಂಡರೆ ವಂಚನೆ!

ಅದೇ ದಿನ ಅದೇ ಕೋಣೆಯಲ್ಲಿ ಒಬ್ಬ ಗಂಡು ನರ್ಸೂ ಸಂದರ್ಶನಕ್ಕೆ ಬಂದಿದ್ದ. ಅವನ ಹೆಂಡತಿ ತುಂಬಿದ ಬಸುರಿ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಈ ಪ್ರಶ್ನೆ ಕೇಳಬಾರದು ಅಂತ ಸುಪ್ರೀಂ ಕೋರ್ಟು ಹೇಳಿ ಮೂವತ್ತು ವರ್ಷದ ಮೇಲಾಯಿತು. ನೀರಾ ಮಾಥುರ್ ಅನ್ನುವಾಕೆ ಜೀವ ವಿಮಾ ನಿಗಮದಲ್ಲಿ ಪ್ರೊಬೇಷನ್ ಮೇಲೆ ಕೆಲಸಕ್ಕೆ ಸೇರಿದ್ದರು. ಹೆರಿಗೆ ರಜೆಯಲ್ಲಿದ್ದಾಗ ಅವರನ್ನು ತೆಗೆದುಹಾಕಿದರು. ಸೇರುವಾಗ ತುಂಬಿದ ಫಾರಂನಲ್ಲಿ ಬಸಿರಿನ ಸಂಗತಿ ಮುಚ್ಚಿಟ್ಟರು ಅನ್ನುವುದು ಆರೋಪ. ಆ ಫಾರಂನಲ್ಲಿ ಏನೇನಿತ್ತು ಗೊತ್ತೆ? ಮುಟ್ಟು ಸರಿಯಾಗಿ ಆಗುತ್ತದೆಯೆ, ಕಡೆಯ ಮುಟ್ಟು ಯಾವತ್ತು, ಎಷ್ಟು ಸಲ ಗರ್ಭ ನಿಂತಿತ್ತು. ವಿಮೆ ಮಾರುವ ಕಚೇರಿಯ ಕೆಲಸಕ್ಕೆ ಹೆಣ್ಣಿನ ಮುಟ್ಟಿನ ಲೆಕ್ಕ! 1991ರಲ್ಲಿ ಕೋರ್ಟು ಈ ಕಾಲಂಗಳು ನಾಚಿಕೆಗೇಡು, ತೆಗೆದುಹಾಕಿ ಅಂತ ಹೇಳಿತು, ಆಕೆಯನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಲು ಹೇಳಿತು. ಅದಕ್ಕೂ ಹತ್ತು ವರ್ಷ ಮುಂಚೆ, 1981ರಲ್ಲಿ, ಮೊದಲ ಬಸಿರಿಗೇ ಗಗನಸಖಿಯರನ್ನು ಮನೆಗೆ ಕಳಿಸುವ ಏರ್ ಇಂಡಿಯಾದ ನಿಯಮವನ್ನು ಅದೇ ಕೋರ್ಟು ಹೊಡೆದುಹಾಕಿತ್ತು. ಆದರೂ ನೋಡಿ, 2021ರ ಡಿಸೆಂಬರ್ ಕೊನೆಯಲ್ಲಿ ಸ್ಟೇಟ್ ಬ್ಯಾಂಕಿನವರು ಮೂರು ತಿಂಗಳು ದಾಟಿದ ಬಸುರಿಯರನ್ನು 'ತಾತ್ಕಾಲಿಕ ಅನರ್ಹರು' ಅಂತ ಹೊಸ ಸುತ್ತೋಲೆ ಹೊರಡಿಸಿದರು. ಗಲಾಟೆ ಎದ್ದ ಮೇಲೆ 2022ರ ಜನವರಿಯಲ್ಲಿ ಮಡಿಸಿಟ್ಟರು. ದೇಶದ ಅತಿ ದೊಡ್ಡ ಬ್ಯಾಂಕಿನ ತಲೆಯಲ್ಲೇ ಈ ಕಸ ಇರುವಾಗ, ನೂರು ಹಾಸಿಗೆಯ ಆಸ್ಪತ್ರೆಯ ಮಾಲೀಕನ ತಲೆಯಲ್ಲಿ ಏನಿರಬೇಡ?

ಅವನು ಫಾರಂನಲ್ಲಿ ಬರೆಸಿಕೊಳ್ಳುವುದಿಲ್ಲ, ಜಾಣ. ಬಾಯಲ್ಲಿ ಕೇಳುತ್ತಾನೆ, ಅದೂ ಹೆಂಗಸಿನ ಬಾಯಿಂದ ಕೇಳಿಸುತ್ತಾನೆ. ನಾನು ಕಂಡ ಒಂದು ಕಡೆ 'ರೂಟೀನ್' ಅಂತ ಹೇಳಿ ಹುಡುಗಿಯರ ಕೈಗೆ ಮೂತ್ರದ ಕಪ್ಪು ಕೊಡುತ್ತಿದ್ದರು. ಯಾವ ಪರೀಕ್ಷೆಗೆ ಅಂತ ಹೇಳುತ್ತಿರಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ ಅನ್ನಿ, ಎಲ್ಲರೂ ನರ್ಸುಗಳೇ ತಾನೆ.

ಇನ್ನು ಎಕ್ಸ್‌ರೇ. ಕೆಲಸಕ್ಕೆ ಸೇರುವಾಗ ಎದೆಯ ಎಕ್ಸ್‌ರೇ ತೆಗೆಸಬೇಕು. ಆ ಕೋಣೆಯ ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ, ನೀವು ಗರ್ಭಿಣಿಯಾಗಿದ್ದರೆ ಮೊದಲು ತಿಳಿಸಿ ಅಂತ. ಆ ಹುಡುಗಿ ಮೂರು ವರ್ಷ ಆ ಬೋರ್ಡಿನ ಕೆಳಗೆ ನಿಂತು ಬಂದವರಿಗೆಲ್ಲ "ಡೇಟ್ ಯಾವಾಗ ಆಗಿದ್ದು, ಏನಾದ್ರೂ ಡೌಟ್ ಇದೆಯಾಮ್ಮ" ಅಂತ ಕೇಳಿದವಳು. ಈಗ ಅದೇ ಬೋರ್ಡಿನ ಕೆಳಗೆ ಬಾಯಿ ಮುಚ್ಚಿಕೊಂಡು ನಿಂತಳು. ತಿಳಿಸಿದರೆ ಎಕ್ಸ್‌ರೇ ತಪ್ಪುತ್ತದೆ, ಕೆಲಸವೂ ತಪ್ಪುತ್ತದೆ. ಎದೆಯ ಎಕ್ಸ್‌ರೇಯಿಂದ ಹೊಟ್ಟೆಯ ಕೂಸಿಗೆ ತಾಗುವ ವಿಕಿರಣ ತೀರಾ ಕಡಮೆ, ಅಪಾಯವಿಲ್ಲ ಅನ್ನುವಷ್ಟು ಕಡಮೆ. ಅದು ಅವಳಿಗೆ ಗೊತ್ತು. ಸೀಸದ ಏಪ್ರನ್ ಒಂದನ್ನು ಹೊಟ್ಟೆಗೆ ಕಟ್ಟಿಕೊಂಡರೆ ಅನುಮಾನ ಬರುತ್ತದೆ ಅನ್ನುವುದೂ ಗೊತ್ತು. ಉಸಿರು ಹಿಡಿ ಅಂದಾಗ ಉಸಿರು ಹಿಡಿದಳು. ಆಮೇಲೆ ಎಂಟು ದಿನ ನಿದ್ದೆ ಇಲ್ಲ. ತಿಳಿದ ತಲೆ ಒಂದು ಹೇಳುತ್ತಿತ್ತು, ತಾಯಿಯ ಕರುಳು ಇನ್ನೊಂದು ಹೇಳುತ್ತಿತ್ತು. ಆ ಎಂಟು ರಾತ್ರಿಯ ಬಾಬ್ತನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೀರಿ ಮಾಲೀಕರೆ? ಬಾಗಿಲ ಮೇಲೆ ಆ ಬೋರ್ಡು ಹಾಕಿದವರೂ ನೀವೆ, ಅದನ್ನು ಓದಿ ಸುಮ್ಮನಿರುವಂತೆ ಮಾಡಿದವರೂ ನೀವೆ.

ಮಾಲೀಕರ ಕಡೆಯಿಂದ ಒಂದು ವಾದ ಬರುತ್ತದೆ, ಅದನ್ನೂ ಕೇಳಿಬಿಡೋಣ. "ಆರು ತಿಂಗಳು ಸಂಬಳ ಕೊಟ್ಟು ಮನೆಯಲ್ಲಿ ಕೂರಿಸಲು ನಾವೇನು ಧರ್ಮಛತ್ರ ಇಟ್ಟಿದ್ದೇವೆಯೆ? ಸೇರಿದ ಏಳೆಂಟು ತಿಂಗಳಿಗೇ ಹೆರಿಗೆ ರಜಾ ಅಂದರೆ ಹ್ಯಾಗೆ?" ಕಾಯಿದೆ ಇದಕ್ಕೆ ಉತ್ತರ ಕೊಟ್ಟಿದೆ, ಲೆಕ್ಕ ಹಾಕಿ ಕೊಟ್ಟಿದೆ. ಹೆರಿಗೆಯ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಹೆರಿಗೆ ಭತ್ಯೆಗೆ ಹಕ್ಕುದಾರಳು. 1961ರ ಕಾಯಿದೆಯಲ್ಲಿ ಮೊದಲು ಇದ್ದದ್ದು 160 ದಿನ, 1988ರ ತಿದ್ದುಪಡಿಯಲ್ಲಿ 80ಕ್ಕೆ ಇಳಿಯಿತು. 12 ವಾರವಿದ್ದ ರಜೆ 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. ಆ ಕಾಯಿದೆಯನ್ನು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯ ಹೊಟ್ಟೆಯೊಳಗೆ ಹಾಕಿದ್ದಾರೆ. 80 ದಿನವೂ 26 ವಾರವೂ ಹಾಗೇ ಉಳಿದಿವೆ. ಈಗ ಬೆರಳು ಮಡಚಿ ಎಣಿಸಿ. ಎರಡು ತಿಂಗಳ ಬಸುರಿ ಕೆಲಸಕ್ಕೆ ಸೇರಿದಳು ಅಂದುಕೊಳ್ಳಿ. ಹೆರಿಗೆಗೆ 32 ವಾರ ಉಳಿಯಿತು. ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದ 8 ವಾರ ಕಳೆದರೆ 24. ವಾರಕ್ಕೆ ಆರು ದಿನದಂತೆ 144 ದಿನದ ದುಡಿಮೆ. ಬೇಕಾದದ್ದು 80. ಅಂದರೆ ಕೆಲಸಕ್ಕೆ ಸೇರುವ ಮುಂಚೆ ಬಸಿರು ಗೊತ್ತಾದ ಹುಡುಗಿ ಯಾರ ಭಿಕ್ಷೆಯನ್ನೂ ಕೇಳುತ್ತಿಲ್ಲ, ಬೇಕಾದದ್ದಕ್ಕಿಂತ ಹೆಚ್ಚು ದುಡಿದೇ ಕೇಳುತ್ತಾಳೆ. ಈ ಲೆಕ್ಕ ಅವಳಿಗಿಂತ ಚೆನ್ನಾಗಿ ಗೊತ್ತಿರುವುದು ಮಾಲೀಕನಿಗೆ. ಅದಕ್ಕೇ ಬಾಗಿಲಲ್ಲೇ ತಡೆಯುತ್ತಾನೆ. ಒಳಗೆ ಬಂದವಳಿಗೆ ಕಾಯಿದೆ ಇದೆ. ಬಸುರಿ ಅನ್ನುವ ಕಾರಣಕ್ಕೆ ಒಳಗೇ ಬಿಡದವನನ್ನು ಕೇಳುವ ಸಾಲು ಹೆರಿಗೆ ಭತ್ಯೆಯ ಕಾಯಿದೆಯಲ್ಲಿ ಆವತ್ತೂ ಬರೆಯಲಿಲ್ಲ.

(ಇ.ಎಸ್.ಐ.ಗೆ ಸೇರಿದವರ ಲೆಕ್ಕ ಬೇರೆ. ಅಲ್ಲಿ ಹಿಂದಿನ ವಂತಿಗೆಯ ಅವಧಿಗಳಲ್ಲಿ 70 ದಿನದ ವಂತಿಗೆ ಬಿದ್ದಿರಬೇಕು. ಹಳೆಯ ನರ್ಸಿಂಗ್ ಹೋಮಿನವನು ಕಟ್ಟದೆ ನುಂಗಿದ್ದರೆ ಅವನ ಪಾಪ ಹೊಸ ಕಡೆಯ ಹೆರಿಗೆಗೆ ತಟ್ಟುತ್ತದೆ.)

ಈ ಜಗಳದ ಬೇರು ಎಲ್ಲಿದೆ ಅಂತ ಬಾಬಾಸಾಹೇಬರು ತೊಂಬತ್ತೇಳು ತೊಂಬತ್ತೆಂಟು ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅವರು ಅದರ ಪರವಾಗಿ ಎದ್ದು ನಿಂತರು. ಹೆರುವ ತಾಯಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗಬೇಕಾದ್ದು ಇಡೀ ದೇಶದ ಹಿತಕ್ಕೆ, ಹಾಗಾಗಿ ಆ ಭಾರದ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಅನ್ನುವುದು ಅವರ ವಾದ. ಹಾಗಂತ ಮಾಲೀಕನನ್ನು ಬಿಟ್ಟುಕೊಡಲಿಲ್ಲ. ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳುವವನು ಗಂಡಾಳಿಗಿಂತ ಅವರಿಂದ ಹೆಚ್ಚು ಲಾಭ ಗಿಟ್ಟುತ್ತದೆ ಅಂತಲೇ ಇಟ್ಟುಕೊಳ್ಳುತ್ತಾನೆ, ಲಾಭ ತಿಂದವನು ಭಾರವನ್ನೂ ಹೊರಲಿ ಅಂದರು. 1929ರಲ್ಲಿ ಮುಂಬಯಿಯಲ್ಲಿ ಆ ಕಾಯಿದೆ ಆಯಿತು. ಈ ಮಾತನ್ನು ಆಸ್ಪತ್ರೆಗೆ ಹಚ್ಚಿ ನೋಡಿ. ನರ್ಸಿನ ಕೆಲಸಕ್ಕೆ ಹೆಂಗಸರೇ ಯಾಕೆ ತುಂಬಿಕೊಂಡಿದ್ದಾರೆ? ಕರುಣೆ ಹೆಂಗಸಿನ ರಕ್ತದಲ್ಲಿದೆ ಅಂತಲೆ? ಕಡಮೆ ಕೂಲಿಗೆ ಬರುತ್ತಾಳೆ, ಎದುರು ಮಾತಾಡುವುದಿಲ್ಲ, ಹಾಸ್ಟೆಲಿನಲ್ಲಿ ಕೂಡಿಹಾಕಬಹುದು. ಹೆಂಗಸು ಅನ್ನುವುದರ ಲಾಭ ಬೇಕು, ಹೆಂಗಸಿನ ಗರ್ಭಚೀಲ ಮಾತ್ರ ಬೇಡ.

2017ರಲ್ಲಿ ದಿಲ್ಲಿಯವರು 26 ವಾರ ಅಂತ ಡಂಗುರ ಹೊಡೆದಾಗ ಅಂಬೇಡ್ಕರರ ಮಾತಿನ ಅರ್ಧವನ್ನು ಮಾತ್ರ ತೆಗೆದುಕೊಂಡರು. ಇ.ಎಸ್.ಐ.ಗೆ ಸೇರದ ಕಡೆ ಪೂರ್ತಿ ಸಂಬಳ ಮಾಲೀಕನ ತಲೆಯ ಮೇಲೆ, ಸರ್ಕಾರದ್ದು ಬರೀ ಚಪ್ಪಾಳೆ. ಇದರಿಂದ ಏನಾಯಿತು? ಮದುವೆ ವಯಸ್ಸಿನ ಪ್ರತಿ ಹುಡುಗಿಯೂ ಮಾಲೀಕನ ಕಣ್ಣಿಗೆ 26 ವಾರದ ಸಾಲವಾಗಿ ಕಾಣತೊಡಗಿದಳು. ಹೊಲದ ಕೂಲಿಯವಳಂತೂ ಈ ಕಾಯಿದೆಯ ನೆರಳಿಗೇ ಬರಲಿಲ್ಲ. ಆಹಾರ ಭದ್ರತೆಯ ಕಾಯಿದೆ 2013ರಲ್ಲಿ ಎಲ್ಲ ಬಸುರಿಯರಿಗೂ ಕನಿಷ್ಠ 6,000 ರೂಪಾಯಿ ಅಂತ ಮಾತು ಕೊಟ್ಟಿತ್ತು. 2017ರಲ್ಲಿ ಮಾತೃವಂದನಾ ಯೋಜನೆ ಬಂದಾಗ ಅದು ಮೊದಲ ಮಗುವಿಗೆ 5,000 ಆಯಿತು, ಅದೂ ಕಂತಿನಲ್ಲಿ. ಆ ಹುಡುಗಿಯ ಅವ್ವ ಇವಳನ್ನು ಹೆತ್ತ ಹದಿನೈದನೆಯ ದಿನ ಅರಿಸಿನದ ಹೊಲಕ್ಕೆ ಇಳಿದಿದ್ದಳು. ಮಗಳು ಬಿಳಿ ಕೋಟು ಹಾಕಿದ ಮೇಲಾದರೂ ಆ ಸರಪಳಿ ತುಂಡಾಗುತ್ತದೆ ಅಂತ ಆಕೆ ಕಿವಿಯೋಲೆ ಅಡವಿಟ್ಟದ್ದು.

ಜಾತಿಯ ಮಾತು ಇಲ್ಲಿ ಯಾಕೆ ಅಂತ ಕೇಳುವವರಿದ್ದಾರೆ. ಹೆರಿಗೆಯ ರಕ್ತವನ್ನು ಮೈಲಿಗೆ ಅಂತ ಕರೆದು ಬಾಣಂತಿಯನ್ನು ಹತ್ತು ದಿನ ಮೂಲೆಗೆ ಹಾಕಿದ ಧರ್ಮ ಆ ರಕ್ತ ಬಾಚುವುದಕ್ಕೆ ಯಾರನ್ನು ಕರೆಯುತ್ತಿತ್ತು? ಕೂಸಿನ ಹೊಕ್ಕಳಬಳ್ಳಿ ಕೊಯ್ದು, ಮಾಸು ಹೂತು, ಬಟ್ಟೆ ಒಗೆದು, ಒಂದು ಮೊರ ರಾಗಿ ಇಸಕೊಂಡು ಹಿತ್ತಿಲ ಬಾಗಿಲಿಂದ ವಾಪಸು ಹೋದವಳು ಯಾರು? ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದರು, ಕಾಸು ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಫೋಟೋಗೆ ಹಾರ ಹಾಕುವ ನಾಡು ಅವರ ಹಿಂದೆ ನಿಂತ ಹೆಸರಿಲ್ಲದ ಸೂಲಗಿತ್ತಿಯರಿಗೆ ಏನು ಕೊಟ್ಟಿತು? ಹೇಲು, ಕೀವು, ರಕ್ತ ಮುಟ್ಟುವ ಕೆಲಸ ಅಂತ ಮೇಲ್ಜಾತಿಯ ಮನೆಗಳು ಬಹಳ ಕಾಲ ನರ್ಸಿಂಗನ್ನು ಕೀಳಾಗಿ ಕಂಡವು. ಆಗ ಅದಕ್ಕೆ ಬಂದವರಲ್ಲಿ ಹೆಚ್ಚಿನವರು ಮಿಷನ್ನಿನವರು ಓದಿಸಿದ ಕ್ರೈಸ್ತ ಹೆಣ್ಣುಮಕ್ಕಳು, ವಿಧವೆಯರು, ಬಡವರು. ಇವತ್ತು ನಮ್ಮ ಕೇರಿಯ ಹುಡುಗಿಗೆ ಬೇಗ ಸಂಬಳ ಕಾಣಿಸುವ ಏಣಿ ಇದೊಂದೆ. ಉಳ್ಳವರ ಮನೆಯ ಸೊಸೆ ಬಸುರಿಯಾದರೆ "ಒಂದೆರಡು ವರ್ಷ ಬ್ರೇಕ್ ತಗೋ" ಅನ್ನಬಹುದು. ಇವಳ ಸಂಬಳಕ್ಕೆ ಅವ್ವನ ಸಾಲ ನೇತುಹಾಕಿಕೊಂಡಿದೆ, ತಮ್ಮನ ಐ.ಟಿ.ಐ. ಫೀಸು ನೇತುಹಾಕಿಕೊಂಡಿದೆ. ಇವಳಿಗೆ ಯಾವ ಬ್ರೇಕು?

'ಸಿಸ್ಟರ್' ಅಂತ ಕರೆಯುತ್ತೀರಲ್ಲ, ಆ ಹೆಸರು ಕ್ರೈಸ್ತ ಸನ್ಯಾಸಿನಿಯರಿಂದ ಬಂತು. ಸನ್ಯಾಸಿನಿಗೆ ಗಂಡನಿಲ್ಲ, ಬಸಿರಿಲ್ಲ, ಸಂಬಳದ ಜಗಳವೂ ಇಲ್ಲ. ಸನ್ಯಾಸಿನಿಯರು ಹೋದರು, ಅವರ ಅಚ್ಚಿನಲ್ಲೇ ಸಂಸಾರವಂದಿಗರನ್ನು ಎರಕ ಹೊಯ್ಯುವ ಚಾಳಿ ಉಳಿಯಿತು. ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಮದುವೆಯಾದರೆ ಕೆಲಸ ಹೋಗುವ ನಿಯಮವೇ ಇತ್ತು. 1977ರ ಆ ನಿಯಮವನ್ನು 1995ರಲ್ಲಿ ವಾಪಸು ತೆಗೆದರು. ಅದರಡಿ 1988ರಲ್ಲಿ ಕೆಲಸ ಕಳಕೊಂಡ ಒಬ್ಬ ನರ್ಸಿಂಗ್ ಅಧಿಕಾರಿಣಿಗೆ 60 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷ! ಒಂದು ಜೀವಮಾನದ ಸರ್ವೀಸು ಕೋರ್ಟಿನ ಕಟ್ಟೆಯ ಮೇಲೆ ಕಳೆದುಹೋಯಿತು.

ಆ ಹುಡುಗಿಯ ಕತೆಗೆ ಬರುತ್ತೇನೆ. ಸೇರಿದ ದಿನವೇ ಮೂಲ ಮಾರ್ಕ್ಸ್ ಕಾರ್ಡುಗಳನ್ನು ತೆಗೆದಿಟ್ಟುಕೊಂಡರು. ಬಾಂಡ್ ಬರೆಸಿಕೊಂಡರು: ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ದುಡ್ಡು ಕಟ್ಟಬೇಕು. ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಆಳಿನ ಹೆಬ್ಬೆಟ್ಟು ಒತ್ತಿಸಿದ ಕಾಗದವನ್ನು ಗೌಡ ಪೆಟ್ಟಿಗೆಯಲ್ಲಿಡುತ್ತಿದ್ದ. ಈಗ ಮೊಹರು ಬಿದ್ದ ಕಾಗದವನ್ನು ಕಬ್ಬಿಣದ ಬೀರುವಿನಲ್ಲಿಡುತ್ತಾರೆ. 2011–12ರಲ್ಲಿ ಕೇರಳದ ನರ್ಸುಗಳು ಬೀದಿಗಿಳಿದದ್ದು ಈ ಬಾಂಡಿನ ವಿರುದ್ಧ, ಈ ಬೀರುವಿನ ವಿರುದ್ಧ. ಆ ಬೆಂಕಿ ಘಟ್ಟ ಹತ್ತಿ ನಮ್ಮ ಕಡೆಗೆ ಸರಿಯಾಗಿ ಬರಲಿಲ್ಲ. ಬೆಂಗಳೂರಿನಲ್ಲಿ ಓದಲು ಬರುವ ಹುಡುಗಿಯರು ಎಲ್ಲೆಲ್ಲಿಂದಲೋ ಬರುತ್ತಾರೆ. ಯಾರ ಊರು ಯಾರಿಗೂ ಗೊತ್ತಿಲ್ಲ, ಒಬ್ಬರ ಭಾಷೆ ಒಬ್ಬರಿಗಿಲ್ಲ. ಮಾಲೀಕನಿಗೆ ಅದೂ ಒಂದು ಅನುಕೂಲ.

ಬಾಂಡು ಅವಳು ಬಿಟ್ಟುಹೋಗದಂತೆ ಕಟ್ಟುತ್ತದೆ. ಬಸುರಿ ಅಂತ ಗೊತ್ತಾದ ಕೂಡಲೆ ಅವಳನ್ನು ಬಿಟ್ಟುಹೋಗುವಂತೆ ಮಾಡಲು ಬೇರೆ ಹಗ್ಗ ಹೊಸೆಯುತ್ತಾರೆ. ಮೂರು ವಾರದ ಮೇಲೆ ಅವಳು ಬರವಣಿಗೆಯಲ್ಲಿ ತಿಳಿಸಿದಳು. ಮಾರನೆಯ ವಾರ ಸತತ ನೈಟು. ಆಮೇಲೆ ಕೀಮೋ ವಾರ್ಡು. ಕ್ಯಾನ್ಸರಿನ ಔಷಧಿಗಳನ್ನು ಬೆರೆಸುವವರಿಗೆ, ಹಾಕುವವರಿಗೆ ಗರ್ಭಪಾತದ ಅಪಾಯ ಹೆಚ್ಚು ಅನ್ನುವುದು ವೈದ್ಯರೆಲ್ಲರಿಗೂ ತಿಳಿದ ವಿಷಯ, ಅದರಲ್ಲೂ ಮೊದಲ ಮೂರು ತಿಂಗಳು. ಅವಳು ಕೇಳಿದಳು: "ಮೇಡಂ, ಬೇರೆ ವಾರ್ಡಿಗೆ ಹಾಕ್ತೀರಾ?" ಬಂದ ಉತ್ತರ: "ಬೇರೆಯವರೆಲ್ಲ ಬಸುರಿ ಆಗಿಲ್ವಾ? ನಾವು ಒಂಬತ್ತು ತಿಂಗಳ ತನಕ ಡ್ಯೂಟಿ ಮಾಡಿದ್ದೀವಿ ಕಣಮ್ಮ."

ಇಲ್ಲಿ ಕಾಯಿದೆಯ ತೂತನ್ನೂ ಹೇಳಬೇಕು. ಬಸುರಿಗೆ ಕಷ್ಟದ ಕೆಲಸ, ಬಹಳ ಹೊತ್ತು ನಿಲ್ಲುವ ಕೆಲಸ ಕೊಡಬಾರದು ಅನ್ನುವ ಕಲಮು ಇದೆ. ಯಾವಾಗ? ಹೆರಿಗೆಗೆ ಆರು ವಾರ ಇರುವಾಗ, ಅದಕ್ಕೂ ಹಿಂದಿನ ಒಂದು ತಿಂಗಳು. ಅಲ್ಲಿಂದಾಚೆ ರಜೆ ಹಾಕದೆ ದುಡಿದ ದಿನಗಳು. ಹೊಟ್ಟೆ ದೊಡ್ಡದಾಗಿ ಎಲ್ಲರಿಗೂ ಕಂಡ ಮೇಲೆ ಕಾಯಿದೆಗೂ ಕಂಡಿತು. ಕೂಸಿನ ಕೈಕಾಲು ಹೃದಯ ಮೂಡುವ ಮೊದಲ ಮೂರು ತಿಂಗಳು ಆ ಕಲಮು ಕಣ್ಣು ಮುಚ್ಚಿಕೊಂಡಿರುತ್ತದೆ. ವಿಕಿರಣದ ಕೆಲಸದಲ್ಲಿರುವವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಟ್ಟಳೆ ಇದೆ, ಬಸಿರು ತಿಳಿಸಿದ ಮೇಲೆ ಭ್ರೂಣಕ್ಕೆ ಒಂದು ಮಿಲಿಸೀವರ್ಟ್ ದಾಟಬಾರದು ಅಂತ. ತಿಳಿಸಿದ ಮೇಲೆ! ತಿಳಿಸಿದರೆ ಕೆಲಸ ಹೋಗುವ ಕಡೆ ಆ ಕಟ್ಟಳೆಗೆ ಉಪ್ಪು ಹಾಕಿ ನೆಕ್ಕಬೇಕೆ?

ಮೇಟ್ರನ್ನರ ಮೇಲೆ ನನಗೆ ಸಿಟ್ಟಿದೆ, ಆದರೆ ಸಿಟ್ಟು ಅಲ್ಲಿಗೇ ನಿಲ್ಲಬಾರದು. ಒಬ್ಬಳು ರಜೆ ಹೋದರೆ ಅವಳ ರೋಗಿಗಳು ಉಳಿದವರ ಮೇಲೆ ಬೀಳುತ್ತಾರೆ, ಉಳಿದವರು ಬಸುರಿಯನ್ನು ಶಪಿಸುತ್ತಾರೆ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗೆ ಒಬ್ಬ ನರ್ಸು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬಳು, ಅದರ ಮೇಲೆ ರಜೆಗೆ ಅಂತ ನೂರಕ್ಕೆ ಮೂವತ್ತು ಹೆಚ್ಚುವರಿ ಇರಬೇಕು ಅನ್ನುವುದು ನರ್ಸಿಂಗ್ ಕೌನ್ಸಿಲ್ಲಿನ ಅಳತೆ. ಆ ಮೂವತ್ತು ಜನ ಎಲ್ಲಿ? ಅವರ ಸಂಬಳ ಯಾರ ಜೇಬಿನಲ್ಲಿದೆ? ಐವತ್ತು ಹಾಸಿಗೆಗಿಂತ ಕಡಮೆಯ ಕಡೆಯೂ 20,000ಕ್ಕೆ ಕಡಮೆ ಕೊಡಬೇಡಿ ಅಂತ ಸುಪ್ರೀಂ ಕೋರ್ಟಿನ ಮಾತಿನ ಮೇಲೆ ನೇಮಿಸಿದ ಸಮಿತಿ 2016ರಲ್ಲಿ ಹೇಳಿತು. ನನಗೆ ಗೊತ್ತಿರುವ ನರ್ಸಿಂಗ್ ಹೋಮುಗಳಲ್ಲಿ ಆ ಕಾಗದ ಡ್ರೆಸ್ಸಿಂಗ್ ಹತ್ತಿ ಸುತ್ತಲೂ ಸಿಗಲಿಲ್ಲ. ಜಗಳ ಬಸುರಿಗೂ ಅವಳ ಪಕ್ಕದ ನರ್ಸಿಗೂ ಹತ್ತಿಸಿ ಮೇಲೆ ಕೂತವನು ಬಿಲ್ಲು ಎಣಿಸುತ್ತಾನೆ. ಅದೇ ಆಸ್ಪತ್ರೆಯ ಮುಂದೆ ದೊಡ್ಡ ಫಲಕ: ಬಿಳಿ ಗೌನು ತೊಟ್ಟು ಹೊಟ್ಟೆ ತಬ್ಬಿಕೊಂಡು ನಗುವ ಬಸುರಿ, ಕೆಳಗೆ ಹೆರಿಗೆ ಪ್ಯಾಕೇಜಿನ ದರ. ದುಡ್ಡು ಕೊಟ್ಟು ಒಳಗೆ ಬಂದ ಬಸಿರು ತಾಯ್ತನ. ದುಡಿಯಲು ಒಳಗೆ ಬಂದ ಬಸಿರು ತೊಂದರೆ.

ಇನ್ನೊಂದು ಮಾತನ್ನು ಹಿರಿಯ ನರ್ಸುಗಳೇ ಅವಳ ಕಿವಿಯಲ್ಲಿ ಹೇಳಿದರು. "ತೆಗೆಸಿಬಿಡು, ಇನ್ನೂ ಚಿಕ್ಕದು. ಪ್ರೊಬೇಷನ್ ಮುಗಿದ ಮೇಲೆ ನೋಡ್ಕೋ." ಗರ್ಭ ತೆಗೆಸುವ ಕಾಯಿದೆ 1971ರದ್ದು, 2021ರಲ್ಲಿ ಸಡಿಲವಾಯಿತು, ಮದುವೆಯಾಗದವರಿಗೂ ಅದೇ ಹಕ್ಕು ಅಂತ 2022ರಲ್ಲಿ ಕೋರ್ಟು ಹೇಳಿತು. ಬೇಡ ಅನ್ನಿಸಿದ ಹೆಣ್ಣು ತೆಗೆಸಿಕೊಳ್ಳಲಿ, ನಾನೇ ಕೈಹಿಡಿದು ಕರಕೊಂಡು ಹೋಗಿದ್ದೇನೆ. ಆದರೆ ಇವಳಿಗೆ ಕೂಸು ಬೇಕು. ಬೇಕಾದ ಕೂಸನ್ನು ಕೆಲಸದ ಡಿಪಾಜಿಟ್ಟಾಗಿ ಕಟ್ಟು ಅಂದರೆ ಅದು ಹಕ್ಕಲ್ಲ, ವಸೂಲಿ.

ನಮ್ಮ ಗಂಡಸು ಸಂಗಾತಿಗಳಿಗೂ ಒಂದು ಮಾತು. ಸಭೆಯಲ್ಲಿ ಭೂಮಿ, ಮೀಸಲಾತಿ, ಬಗರ್‌ಹುಕುಂ ಅಂತ ಗಂಟಲು ಹರಿದುಕೊಳ್ಳುತ್ತೀರಿ. ಒಳ್ಳೆಯದು. ಈ ವಿಷಯ ಎತ್ತಿದರೆ "ಅದು ಲೇಡೀಸ್ ಪ್ರಾಬ್ಲಂ, ನೀವೇ ಒಂದು ಸಮಿತಿ ಮಾಡ್ಕೊಳ್ಳಿ ಅಕ್ಕ" ಅನ್ನುತ್ತೀರಿ. ಆ ಹುಡುಗಿಯ ಗಂಡನೂ ಅಂಬೇಡ್ಕರ್ ಜಯಂತಿಗೆ ಬ್ಯಾನರ್ ಕಟ್ಟುವವನೆ. ಎರಡು ಗೆರೆ ಕಂಡ ರಾತ್ರಿ ಅವನು ಅಂದದ್ದು, "ಕೆಲಸ ಬಿಟ್ಬುಡು, ಊರಿಗೆ ಓಗದೆ." 1928ರಲ್ಲಿ ಬಾಬಾಸಾಹೇಬರು ಯಾರ ಪರವಾಗಿ ಎದ್ದು ನಿಂತರು ಅಂತ ಬ್ಯಾನರಿನಲ್ಲಿ ಬರೆಸಿ ಒಮ್ಮೆ ಕಟ್ಟು ತಮ್ಮಾ.

ಈಗ ಅವಳಿಗೆ ಆರನೆಯ ತಿಂಗಳು. ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದುವರಿಸಲಾಗಿದೆ ಅನ್ನುವ ಚೀಟಿ ಬಂದಿದೆ. ಕಾರಣ: 'ಕಾರ್ಯಕ್ಷಮತೆ ತೃಪ್ತಿಕರವಾಗಿಲ್ಲ'. 80 ದಿನ ಎಂದೋ ದಾಟಿದೆ. ಬಸಿರಿನ ಹೊತ್ತಿನಲ್ಲಿ ಕೆಲಸದಿಂದ ತೆಗೆದರೂ, ಘೋರ ದುರ್ನಡತೆ ಅಂತ ಬರೆದು ತೆಗೆದಿದ್ದರೆ ಹೊರತು, ಭತ್ಯೆ ತಪ್ಪಿಸುವಂತಿಲ್ಲ. ದಿನಗೂಲಿಯವರಿಗೂ ಹೆರಿಗೆ ಭತ್ಯೆ ಉಂಟು ಅಂತ ದಿಲ್ಲಿ ನಗರಪಾಲಿಕೆಯ ಮಸ್ಟರ್ ರೋಲಿನ ಹೆಂಗಸರು 2000ದಲ್ಲಿ ಗೆದ್ದುಕೊಂಡರು. ಗುತ್ತಿಗೆ ಮುಗಿದರೂ ಭತ್ಯೆ ಮುಗಿಯುವುದಿಲ್ಲ ಅಂತ ಒಬ್ಬ ಗುತ್ತಿಗೆ ಡಾಕ್ಟರು 2023ರಲ್ಲಿ ಗೆದ್ದರು.

ಹಾಗಾಗಿ ಹೊಸದಾಗಿ ಆರ್ಡರು ಕೈಗೆ ಬಂದ, ಹೊಟ್ಟೆಯಲ್ಲಿ ಎರಡು ಗೆರೆಯ ಗುಟ್ಟಿರುವ ತಂಗಿಯರೆ, ಆರ್ಡರಿನ, ಬಾಂಡಿನ, ಡ್ಯೂಟಿ ಚಾರ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ. ಮೂಲ ಮಾರ್ಕ್ಸ್ ಕಾರ್ಡು ಕೇಳಿದರೆ ನಕಲು ಕೊಡಿ. ಕಿತ್ತುಕೊಂಡರೆ ಪಡೆದದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಬಸಿರನ್ನು ಬಾಯಲ್ಲಿ ಹೇಳಬೇಡಿ, ಕಾಗದದಲ್ಲಿ ಹೇಳಿ, ಕೀಮೋ ಬೇಡ ಎಕ್ಸ್‌ರೇ ಬೇಡ ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ತಾರೀಕು ಸಮೇತ ಸೀಲು ಹಾಕಿಸಿ. ಹಾಕುವುದಿಲ್ಲ ಅಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಕಾರ್ಮಿಕ ಇಲಾಖೆಯ ಅಧಿಕಾರಿಗೂ ಒಂದು ಪ್ರತಿ ಕಳಿಸಿ, ಎರಡೂ ರಸೀದಿಗಳನ್ನು ತಾಯಿ ಕಾರ್ಡಿನ ಜೊತೆ ಒಂದೇ ಚೀಲದಲ್ಲಿಟ್ಟುಕೊಳ್ಳಿ. ನಿಮ್ಮ ವಾರ್ಡಿನಲ್ಲಿ ಇನ್ನಾರು ಬಸುರಿಯರಿದ್ದಾರೆ, ಯಾರು ಮುಂದಿನ ತಿಂಗಳು ಸೇರುತ್ತಿದ್ದಾರೆ ಅಂತ ಕೇಳಿ, ಅವರ ಕಾಗದವನ್ನೂ ನಿಮ್ಮ ಕೈಯಲ್ಲೇ ಬರೆದುಕೊಡಿ.